ರೀಸ್ಟಾರ್ಟ್‌ಗೆ ಮುಂಚಿನ ಎರಡು ನಿಮಿಷ

ತಂಗೀ,

"ಸೈಟ್ ಬಂದ್ ಬಿದ್ದದ" ಅಂತ ಯಾರಾದರೂ ಫೋನ್ ಮಾಡಿದ ಕೂಡಲೇ ಕೈ ತಾನಾಗಿಯೇ ರೀಸ್ಟಾರ್ಟ್ ಕಡೆಗೆ ಹೋಗುತ್ತದೆ. ವೆಬ್ ಸರ್ವರ್ ಅಪಾಚೆ ಬಂದ್ ಆಗಿ ಮತ್ತೆ ಚಾಲೂ ಆಗುತ್ತದೆ, ಪುಟ ತೆರೆಯುತ್ತದೆ, ಫೋನ್ ಮಾಡಿದವರು "ಆತು ನೋಡ್ರಿ, ಈಗ ಬರ್ಲತ್ತದ" ಅನ್ನುತ್ತಾರೆ, ನೀನು ಚಹಾಕ್ಕೆ ಎದ್ದು ಹೋಗುತ್ತೀಯ. ನಾಲ್ಕು ದಿನ ಕಳೆದರೆ ಅದೇ ಫೋನ್, ಅದೇ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ನಿನ್ನ ಕಿವಿಗೆ ಹಾಕಬೇಕಾದದ್ದು ಇದೊಂದೇ: ಪರ್ಲ್, ಪಿಎಚ್‌ಪಿಯಂಥ ಭಾಷೆ ವೆಬ್ ಸರ್ವರಿನ ಹೊಟ್ಟೆಯೊಳಗೇ ಕೂತಿರುವ ಕಡೆ, ನೋಡದೆ ರೀಸ್ಟಾರ್ಟ್ ಮಾಡಿದರೆ ತಪ್ಪು ಉಳಿಯುತ್ತದೆ, ತಪ್ಪಿನ ಗುರುತು ಅಳಿಸಿಹೋಗುತ್ತದೆ.

ನಿನಗೆ ಒಪ್ಪಿಸಿದ್ದು ಹಳೇ ಮಾಡ್-ಪರ್ಲ್ ಸರ್ವರ್ ಎಂದಾಗ ನಿನ್ನ ದನಿ ಸಪ್ಪಗಿತ್ತು. "ಎಲ್ಲಾರಿಗೂ ಹೊಸಾ ಕೆಲಸ ಕೊಟ್ಟಾರ ಕಾಕಾ, ನಂಗ ಮಾತ್ರ ಮುತ್ಯಾನ ಕಾಲದ್ದು" ಅಂದಿ. ಬ್ಯಾಸರ ಮಾಡ್ಕೋಬ್ಯಾಡ. ಶಹಾಬಜಾರದ ನಮ್ಮ ಮಾಳಿಗೆ ಕೋಣೆಯಲ್ಲಿ ಕೂತು ಈ ಊರಿನ ಶಾಲೆ, ಕಾಲೇಜು, ಬ್ಯಾಳಿ ವ್ಯಾಪಾರಸ್ಥರ ಸರ್ವರುಗಳನ್ನು ನೋಡಿಕೊಂಡವನು ನಾನು. ನನಗೆ ಅನ್ನ ಹಾಕಿದ್ದೂ, ತಲೆ ತಿಂದದ್ದೂ, ಬುದ್ಧಿ ಕಲಿಸಿದ್ದೂ ಇಂಥ ಹಳೇ ಸಾಮಾನುಗಳೇ.

ಮೊದಲು ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ತಿಳಿ. ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಹೊರತಂದಾಗ ಜಗತ್ತಿನಲ್ಲಿ ವೆಬ್ ಎಂಬುದೇ ಇರಲಿಲ್ಲ. ಫೈಲು ಓದು, ಬೇಕಾದ ಸಾಲು ಆರಿಸು, ವರದಿ ಅಚ್ಚು ಮಾಡು, ಮುಗಿಸು: ಇಷ್ಟು ಅದರ ಕೆಲಸ. ವೆಬ್ ಬಂದ ಮೇಲೆ ಸಿಜಿಐ ಎಂಬ ಏರ್ಪಾಡಿನಲ್ಲಿಯೂ ಅದೇ ಪದ್ಧತಿ ನಡೆಯಿತು. ಒಂದು ರಿಕ್ವೆಸ್ಟ್ ಬಂದರೆ ಸರ್ವರ್ ಹೊಸ ಪ್ರೊಸೆಸ್ ಹುಟ್ಟಿಸುತ್ತಿತ್ತು. ಅದು ಪರ್ಲ್ ಅನ್ನು ಮೆಮೊರಿಗೆ ತಂದು, ಸ್ಕ್ರಿಪ್ಟ್ ಕಂಪೈಲ್ ಮಾಡಿ, ಉತ್ತರ ಕೊಟ್ಟು ಸಾಯುತ್ತಿತ್ತು. ಬರೆದವನು ಎಷ್ಟೇ ಅಡ್ಡಾದಿಡ್ಡಿ ಬರೆದಿದ್ದರೂ ಸಾವು ಎಲ್ಲವನ್ನೂ ತೊಳೆದು ಹಾಕುತ್ತಿತ್ತು. ಆದರೆ ನಿಧಾನ. 1996ರಲ್ಲಿ ಡಗ್ ಮೆಕ್‌ಏಕರ್ನ್ ಮಾಡ್-ಪರ್ಲ್ ತಂದರು. ಪರ್ಲ್ ಇಂಟರ್‌ಪ್ರಿಟರನ್ನೇ ಅಪಾಚೆಯೊಳಗೆ ಕೂಡಿಸಿದ್ದರಿಂದ ಸ್ಕ್ರಿಪ್ಟು ಪ್ರತಿ ಚೈಲ್ಡ್ ಪ್ರೊಸೆಸ್ಸಿನಲ್ಲಿ ಒಮ್ಮೆ ಕಂಪೈಲ್ ಆಗಿ ಅಲ್ಲೇ ಉಳಿಯಿತು.

ನಿನ್ನ ಅಜ್ಜಿ ರೊಟ್ಟಿ ಬಡಿಯುವುದನ್ನು ನೋಡಿದ್ದೀಯಲ್ಲ. ಒಂದೊಂದು ರೊಟ್ಟಿಗೂ ಹೊಸದಾಗಿ ಒಲೆ ಹಚ್ಚಿ, ಹಂಚು ಕಾಯಿಸಿ, ರೊಟ್ಟಿ ಬೆಂದ ಮೇಲೆ ಒಲೆ ಆರಿಸಿದರೆ ಅದು ಸಿಜಿಐ. ಹಂಚು ಕಾದೇ ಇರಲಿ, ರೊಟ್ಟಿ ಮೇಲೆ ರೊಟ್ಟಿ ಬೀಳಲಿ ಅಂದರೆ ಅದು ಮಾಡ್-ಪರ್ಲ್. ಆದರೆ ಕಾದ ಹಂಚಿನ ಮೇಲೆ ಹಿಂದಿನ ರೊಟ್ಟಿಯ ಹಿಟ್ಟು ಸೀದು ಕೂತಿರುತ್ತದೆ, ಒರೆಸದಿದ್ದರೆ ಮುಂದಿನ ರೊಟ್ಟಿಗೆ ಅಂಟುತ್ತದೆ. ನಿನ್ನ ಸರ್ವರಿನ ಮುಕ್ಕಾಲು ರೋಗ ಹೀಗೆ ಅಂಟಿಕೊಂಡದ್ದೇ. ಒಬ್ಬರ ರಿಕ್ವೆಸ್ಟಿನಲ್ಲಿ ಉಳಿದ ಚೂರು ಇನ್ನೊಬ್ಬರ ಉತ್ತರದಲ್ಲಿ ಕಾಣಿಸುತ್ತದೆ.

ಈ ಊರಿನಲ್ಲೇ ಆದ ಒಂದು ಪ್ರಕರಣ ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ. ಹಾಸ್ಟೆಲ್ ಅರ್ಜಿ ಆನ್‌ಲೈನ್ ಮಾಡಿದ್ದರು. ಜೂನ್ ತಿಂಗಳು, ಪ್ರವೇಶದ ಗದ್ದಲ. ಕಮಲಾಪುರದಿಂದ ಒಬ್ಬ ಹುಡುಗಿ ಅರ್ಜಿ ತುಂಬಿ ಪ್ರಿಂಟ್ ಒತ್ತಿದರೆ ಕಾಗದದ ಮೇಲೆ ಆಳಂದದ ಹುಡುಗನೊಬ್ಬನ ಹೆಸರು ಬಂತು. ಮತ್ತೆ ಒತ್ತಿದಳು, ಈ ಸಲ ಬೇರೆ ಯಾರದೋ ಹೆಸರು. ಮೂರನೇ ಸಲಕ್ಕೆ ತನ್ನದೇ ಬಂತು. ಕಚೇರಿಯವರು ಸೈಬರ್ ಕೆಫೆಯವನನ್ನು ಬೈದರು, ಕೆಫೆಯವನು ಬ್ರೌಸರನ್ನು ಬೈದ. ಸ್ಕ್ರಿಪ್ಟ್ ಬರೆದ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್‌ನಿಂದ ಓಡಿಸಿ ತೋರಿಸಿದ, ನೂರಕ್ಕೆ ನೂರು ಸರಿ. "ರೀಸ್ಟಾರ್ಟ್ ಮಾಡಿದ್ರ ಸರಿ ಆಗ್ತದ್ರೀ, ಆಮ್ಯಾಲೆ ಮತ್ತ ಸುರು ಆಗ್ತದ" ಅನ್ನುವುದು ಕಚೇರಿಯ ಗುಮಾಸ್ತರ ಮಾತು. ಎಲ್ಲರಿಗಿಂತ ಸತ್ಯಕ್ಕೆ ಹತ್ತಿರ ಇದ್ದವರು ಅವರೇ, ಆದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ.

ಇಂಥಲ್ಲಿ ನೀನು ಕೇಳಬೇಕಾದ ಮೊದಲ ಪ್ರಶ್ನೆ: ಈ ಉತ್ತರ ಕೊಟ್ಟ ಪ್ರೊಸೆಸ್ ಯಾವುದು? ಅಪಾಚೆಯ ಪ್ರಿಫೋರ್ಕ್ ಪದ್ಧತಿಯಲ್ಲಿ ಒಂದು ಪೇರೆಂಟ್ ಪ್ರೊಸೆಸ್, ಅದರ ಕೆಳಗೆ ಹಲವು ಚೈಲ್ಡ್‌ಗಳು. ಬಂದ ರಿಕ್ವೆಸ್ಟ್ ಯಾವ ಚೈಲ್ಡಿಗೆ ಬೀಳುತ್ತದೆ ಅನ್ನುವುದು ನಿನ್ನ ಕೈಯಲ್ಲಿಲ್ಲ. ಒಂದೊಂದು ಚೈಲ್ಡಿಗೂ ಅದರದೇ ಪರ್ಲ್, ಅದರದೇ ನೆನಪು. ಹೀಗಾಗಿ ಆಕ್ಸೆಸ್ ಲಾಗಿನ ಫಾರ್ಮ್ಯಾಟಿನಲ್ಲಿ ಶೇಕಡಾ ಗುರುತಿನ ಮುಂದೆ ದೊಡ್ಡಕ್ಷರದ ಪಿ ಸೇರಿಸು. ಪ್ರತಿ ಸಾಲಿನಲ್ಲೂ ಪ್ರೊಸೆಸ್ ನಂಬರು ಬರುತ್ತದೆ. ಜೊತೆಗೆ ದೊಡ್ಡಕ್ಷರದ ಡಿ ಸೇರಿಸಿದರೆ ಎಷ್ಟು ಮೈಕ್ರೊಸೆಕೆಂಡು ಹಿಡಿಯಿತು ಅನ್ನುವುದೂ ತಿಳಿಯುತ್ತದೆ. ಎರಡೇ ಅಕ್ಷರ, ಖರ್ಚಿಲ್ಲ. ಇವಿಲ್ಲದ ಲಾಗ್ ಇಟ್ಟುಕೊಂಡು ಮಾಡ್-ಪರ್ಲ್ ದುರಸ್ತಿಗೆ ಕೂಡುವುದನ್ನು ನಾನು ಒಪ್ಪುವುದಿಲ್ಲ.

ಆ ಹಾಸ್ಟೆಲ್ ಸರ್ವರಿನಲ್ಲಿ ಹಾಗೆ ಮಾಡಿ, ಸಾಲುಗಳನ್ನು ಪ್ರೊಸೆಸ್ ನಂಬರಿನ ಪ್ರಕಾರ ಬೇರೆಬೇರೆ ಮಾಡಿ, ದೂರು ಬಂದ ಅರ್ಜಿಗಳನ್ನು ಪಕ್ಕಕ್ಕಿಟ್ಟು ನೋಡಿದಾಗ ಚಿತ್ರ ತಾನೇ ಎದ್ದು ಬಂತು. ಪ್ರತಿ ಚೈಲ್ಡಿನ ಮೊದಲ ಅರ್ಜಿ ಸರಿ. ಎರಡನೆಯದರಿಂದ ಮುಂದಕ್ಕೆ ಬಂದವರಿಗೆಲ್ಲ ಆ ಚೈಲ್ಡಿನ ಮೊದಲ ಅರ್ಜಿದಾರನ ಹೆಸರು. ಹತ್ತು ಚೈಲ್ಡ್ ಇದ್ದರೆ ರೀಸ್ಟಾರ್ಟ್ ಆದ ಮೇಲೆ ಹತ್ತು ಅರ್ಜಿ ಸರಿಯಾಗಿಯೇ ಬರಬಹುದು. ಗುಮಾಸ್ತರು ಎರಡು ಅರ್ಜಿ ಪರೀಕ್ಷಿಸಿ "ಸರಿ ಆಯ್ತು" ಅನ್ನುತ್ತಿದ್ದದ್ದು ಈ ಕಾರಣಕ್ಕೆ. ಹುಡುಗಿಗೆ ಮೂರನೇ ಸಲ ತನ್ನ ಹೆಸರು ಬಂದದ್ದು, ಅವಳ ರಿಕ್ವೆಸ್ಟ್ ಆಗಷ್ಟೇ ಹುಟ್ಟಿದ ಹೊಸ ಚೈಲ್ಡಿಗೆ ಬಿದ್ದದ್ದರಿಂದ.

ಕಾರಣ ಇದು. ಹಳೆಯ ಸಿಜಿಐ ಸ್ಕ್ರಿಪ್ಟನ್ನು ಬದಲಿಸದೆ ಮಾಡ್-ಪರ್ಲ್‌ನಲ್ಲಿ ಓಡಿಸಲಿಕ್ಕೆ ರಿಜಿಸ್ಟ್ರಿ ಎಂಬ ಮಾಡ್ಯೂಲ್ ಇದೆ. ಅದು ನಿನ್ನ ಇಡೀ ಫೈಲನ್ನು ಒಂದು ಸಬ್‌ರುಟೀನಿನೊಳಗೆ ಸುತ್ತಿ ಇಡುತ್ತದೆ. ಫೈಲಿನ ಮೇಲ್ಭಾಗದಲ್ಲಿ ನೀನು 'ಮೈ' ಅಂತ ಘೋಷಿಸಿದ ವೇರಿಯಬಲ್ ಈಗ ಆ ಹೊರಗಿನ ಸಬ್‌ನದು. ಕೆಳಗೆ ನೀನು ಬರೆದ ಹೆಸರಿರುವ ಸಬ್‌ಗಳು ಒಳಗಿನವು. ಒಳಗಿನ ಸಬ್ ಮೊದಲ ಸಲ ಕಂಡ ವೇರಿಯಬಲ್ಲನ್ನೇ ಕೊನೆತನಕ ಹಿಡಿದುಕೊಂಡಿರುತ್ತದೆ. ಹೊರಗಿನದು ಎರಡನೇ ರಿಕ್ವೆಸ್ಟಿಗೆ ಹೊಸ ವೇರಿಯಬಲ್ ಮಾಡಿಕೊಂಡರೂ ಒಳಗಿನದಕ್ಕೆ ಸುದ್ದಿ ಹೋಗುವುದಿಲ್ಲ. ವಾರ್ನಿಂಗ್ ಚಾಲೂ ಇದ್ದರೆ ಪರ್ಲ್ ಸುಮ್ಮನಿರುವುದಿಲ್ಲ, ಇಂಥ ವೇರಿಯಬಲ್ ಹಂಚಿಕೆಯಾಗಿ ಉಳಿಯುವುದಿಲ್ಲ ಅಂತ ಎರರ್ ಲಾಗಿನಲ್ಲಿ ಹೇಳುತ್ತದೆ. ಕಂಪೈಲ್ ಆಗುವಾಗ ಮಾತ್ರ ಹೇಳುತ್ತದೆ, ಆಮೇಲೆ ಸಾವಿರ ಸಾಲಿನ ಕೆಳಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಎರರ್ ಲಾಗನ್ನು ಕೊನೆಯಿಂದ ಮಾತ್ರ ಓದಬೇಡ, ಚೈಲ್ಡ್ ಹುಟ್ಟಿದ ಹೊತ್ತಿನ ಸಾಲುಗಳಿಗೂ ಹೋಗು. ಪರಿಹಾರ ಸುಲಭ: ಬೇಕಾದ ಬೆಲೆಯನ್ನು ಸಬ್‌ಗೆ ಆರ್ಗ್ಯುಮೆಂಟಾಗಿ ಕೊಡು, ಅಥವಾ ಸಬ್‌ಗಳನ್ನು ಬೇರೆ ಫೈಲಿನ ಪ್ಯಾಕೇಜಿಗೆ ಸಾಗಿಸು.

ಲ್ಯಾಪ್‌ಟಾಪಿನಲ್ಲಿ ತಪ್ಪು ಯಾಕೆ ಕಾಣಲಿಲ್ಲ ಅಂತ ನೀನೇ ಹೇಳಬಲ್ಲೆ. ಟರ್ಮಿನಲ್‌ನಲ್ಲಿ ಪ್ರತಿ ಓಟವೂ ಮೊದಲ ಓಟ. ಕಾಣಬೇಕಾದರೆ ಒಂದೇ ಪ್ರೊಸೆಸ್ಸಿಗೆ ಎರಡು ಸಲ ಹೋಗಬೇಕು. ಅದಕ್ಕೆ ಅಪಾಚೆಯಲ್ಲೇ ದಾರಿ ಇದೆ: ಹೈಫನ್ ಮುಂದೆ ದೊಡ್ಡಕ್ಷರದ ಎಕ್ಸ್ ಕೊಟ್ಟು ಚಾಲೂ ಮಾಡಿದರೆ ಅದು ಹಿನ್ನೆಲೆಗೆ ಸರಿಯದೆ, ಮಕ್ಕಳನ್ನು ಹುಟ್ಟಿಸದೆ, ಒಂದೇ ಪ್ರೊಸೆಸ್ಸಾಗಿ ನಿನ್ನ ಕಣ್ಣೆದುರು ಓಡುತ್ತದೆ. ಮೊದಲ ಸಲ ಸರಿ, ಎರಡನೇ ಸಲ ತಪ್ಪು, ಮೂರನೇ ಸಲವೂ ತಪ್ಪು. "ಒಮ್ಮೆ ಬರ್ತದ ಒಮ್ಮೆ ಬರಲ್ಲ" ಅನ್ನುವ ದೆವ್ವ ಅಲ್ಲಿಗೆ ಮಾಯವಾಗುತ್ತದೆ, ಯಾವಾಗ ಕರೆದರೆ ಆವಾಗ ಬರುವ ಸಾದಾ ತಪ್ಪು ಉಳಿಯುತ್ತದೆ. ಇದನ್ನು ಜನ ಓಡಾಡುವ ಸರ್ವರಿನಲ್ಲಿ ಮಾಡಬೇಡ, ಅದೇ ಕಾನ್ಫಿಗ್ ಇರುವ ಇನ್ನೊಂದು ಯಂತ್ರದಲ್ಲಿ ಮಾಡು. ಪರೀಕ್ಷಿಸುವಾಗ ಬೇರೆಬೇರೆ ಹೆಸರು ಕೊಡು. ಒಂದೇ ಹೆಸರು ಹತ್ತು ಸಲ ತುಂಬಿ "ಸರಿ ಅದ" ಅಂದವರನ್ನು ಕಂಡಿದ್ದೇನೆ.

ಇದೇ ಜಾತಿಯವು ಇನ್ನೂ ಇವೆ. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಕೊನೆಗೆ ಚಿಕ್ಕಕ್ಷರದ ಓ ಹಾಕಿ ಅದರೊಳಗೆ ವೇರಿಯಬಲ್ ಇಟ್ಟರೆ, ಆ ಚೈಲ್ಡಿನ ಮೊದಲ ಗಿರಾಕಿ ಹುಡುಕಿದ ಪದವನ್ನೇ ಅದು ಮುಂದೆ ಎಲ್ಲರಿಗೂ ಹುಡುಕಿ ಕೊಡುತ್ತದೆ. ಸಾಲು ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಪರ್ಲಿನ ವಿಶೇಷ ವೇರಿಯಬಲ್ಲನ್ನು ಯಾರೋ 'ಲೋಕಲ್' ಹಾಕದೆ ಬದಲಿಸಿದರೆ, ಇನ್ನೆಲ್ಲೋ ಸಾಲುಸಾಲಾಗಿ ಫೈಲು ಓದುತ್ತಿದ್ದ ಸ್ಕ್ರಿಪ್ಟು ಇಡೀ ಫೈಲನ್ನು ಒಂದೇ ಸಾಲೆಂದು ನುಂಗುತ್ತದೆ. ದೂರು ಬರುವುದು ಎರಡನೇ ಸ್ಕ್ರಿಪ್ಟಿನ ಮೇಲೆ, ತಪ್ಪು ಇರುವುದು ಮೊದಲನೆಯದರಲ್ಲಿ.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ರ‍್ಯಾಂಡಮ್ ಸಂಖ್ಯೆಯದು. ಸ್ಟಾರ್ಟಪ್ ಫೈಲಿನಲ್ಲಿ, ಅಂದರೆ ಮಕ್ಕಳು ಹುಟ್ಟುವ ಮೊದಲೇ, ಪೇರೆಂಟ್ ಪ್ರೊಸೆಸ್ಸಿನಲ್ಲಿ ಯಾರಾದರೂ 'ರ‍್ಯಾಂಡ್' ಕರೆದರೆ ಅದರ ಬೀಜ ಆಗಲೇ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಹುಟ್ಟಿದ ಮಕ್ಕಳೆಲ್ಲ ಅದೇ ಬೀಜ ಹೊತ್ತು ಬಂದು ಅದೇ ಕ್ರಮದಲ್ಲಿ ಅದೇ ಸಂಖ್ಯೆಗಳನ್ನು ಕೊಡುತ್ತಾರೆ. ಆ ಸಂಖ್ಯೆಯಿಂದ ಸೆಶನ್ ಗುರುತು ಮಾಡಿದ್ದರೆ ಜೇವರ್ಗಿಯವನ ಖಾತೆಯೊಳಗೆ ಚಿಂಚೋಳಿಯವನು ಕಾಲಿಡುತ್ತಾನೆ. ನಿನ್ನ ಸ್ಟಾರ್ಟಪ್ ಫೈಲನ್ನು ಇವತ್ತೇ ತೆರೆದು ನೋಡು. ಡೇಟಾಬೇಸ್ ಕನೆಕ್ಷನ್ನನ್ನೂ ಅಲ್ಲಿ ತೆರೆದಿಟ್ಟಿದ್ದಾರೆಯೇ ನೋಡು. ಪೇರೆಂಟ್ ತೆರೆದ ಒಂದೇ ಸಾಕೆಟ್ಟಿನಲ್ಲಿ ಹತ್ತು ಮಕ್ಕಳು ಮಾತಾಡಲು ಹೋದರೆ ಒಬ್ಬನ ಪ್ರಶ್ನೆಗೆ ಬಂದ ಉತ್ತರ ಇನ್ನೊಬ್ಬನ ಕೈ ಸೇರುತ್ತದೆ. ಕನೆಕ್ಷನ್ನು ಪ್ರತಿ ಚೈಲ್ಡ್ ತಾನೇ ತೆರೆಯಬೇಕು. ಅಪಾಚೆ ಡಿಬಿಐ ಮಾಡ್ಯೂಲ್ ಇರುವುದು ಅದಕ್ಕೆ.

ಅದರದ್ದೂ ಒಂದು ಕಥೆ. ನೆಹರು ಗಂಜಿನಲ್ಲಿ ತೊಗರಿ ದರ ತೋರಿಸುವ ಒಂದು ಸಣ್ಣ ಸೈಟ್ ಇತ್ತು. ಸಾಯಂಕಾಲ ಗಂಜ್ ಮುಚ್ಚಿದ ಮೇಲೆ ಅದನ್ನು ಕೇಳುವವರಿಲ್ಲ. ಬೆಳಿಗ್ಗೆ ಮೊದಲು ತೆರೆದ ವ್ಯಾಪಾರಸ್ಥರಿಗೆ ಎರರ್, ಎರಡನೆಯವರಿಗೂ ಎರರ್, ಸ್ವಲ್ಪ ಹೊತ್ತಾದ ಮೇಲೆ ತಾನೇ ಸರಿ. ದಿನಾಲೂ ಹೀಗೇ. ಮಾಲೀಕರು "ಮುಂಜಾನಿ ಸರ್ವರ್ ಗರಂ ಆಗೋತನಕ ಹಿಂಗೇ" ಅಂತ ಸಮಾಧಾನ ಮಾಡಿಕೊಂಡಿದ್ದರು. ಮೈಎಸ್‌ಕ್ಯುಎಲ್‌ನಲ್ಲಿ ಮಾತಿಲ್ಲದೆ ಸುಮ್ಮನೆ ಕೂತ ಕನೆಕ್ಷನ್ನನ್ನು 28800 ಸೆಕೆಂಡಿಗೆ ಕಡಿದುಹಾಕುವುದು ಮೊದಲಿಂದ ಬಂದ ಸೆಟ್ಟಿಂಗು. 28800 ಸೆಕೆಂಡು ಅಂದರೆ ಎಂಟು ತಾಸು. ರಾತ್ರಿಯ ನಿದ್ದೆಯಷ್ಟೇ ಹೊತ್ತು. ಚೈಲ್ಡ್ ಮಾತ್ರ ತನ್ನ ಕೈಯಲ್ಲಿರುವ ಹಗ್ಗದ ಆ ತುದಿ ಕಡಿದದ್ದು ಗೊತ್ತಿಲ್ಲದೆ ಎಳೆಯುತ್ತದೆ. ಒಂದೊಂದು ಚೈಲ್ಡೂ ಒಮ್ಮೆ ಎಡವಿ ಹೊಸ ಕನೆಕ್ಷನ್ ಮಾಡಿಕೊಳ್ಳುವತನಕ ಒಬ್ಬೊಬ್ಬ ಗಿರಾಕಿಗೆ ಎರರ್. ಅಪಾಚೆ ಡಿಬಿಐ ಕನೆಕ್ಷನ್ ಕೇಳಿದಾಗಲೆಲ್ಲ ಒಮ್ಮೆ ಜೀವಂತವಿದೆಯೇ ಎಂದು ತಟ್ಟಿ ನೋಡುತ್ತದೆ. ಆದರೆ ಆ ಸೈಟಿನವರು ಕನೆಕ್ಷನ್ನನ್ನು ತಮ್ಮದೇ ಗ್ಲೋಬಲ್ ವೇರಿಯಬಲ್ಲಿನಲ್ಲಿ ಬಚ್ಚಿಟ್ಟು, ಎರರ್ ಬರುವತನಕ ಮತ್ತೆ ಕೇಳುತ್ತಲೇ ಇರಲಿಲ್ಲ. ಗಡಿಯಾರ ನೋಡಿ ಬರುವ ತಪ್ಪು ಕಂಡರೆ ಮೊದಲು ಯಾವ ಮಿತಿ ಅಷ್ಟು ಹೊತ್ತಿನದು ಅಂತ ಹುಡುಕು.

ಕನ್ನಡದ ಸೈಟ್ ನೋಡಿಕೊಳ್ಳುವವಳು ನೀನು, ಇದನ್ನೂ ಕೇಳು. ಪುಟದಲ್ಲಿ ಕನ್ನಡ ಒಮ್ಮೆ ಚೆಂದ, ಒಮ್ಮೆ ಬರೀ ಪ್ರಶ್ನೆ ಗುರುತು ಬಂದರೆ ಎಲ್ಲರೂ ಫಾಂಟನ್ನು ಬೈಯುತ್ತಾರೆ. ಫಾಂಟ್ ಒಮ್ಮೆ ಸರಿ ಒಮ್ಮೆ ತಪ್ಪು ಆಗುವ ವಸ್ತುವಲ್ಲ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರ ಸಂಕೇತಕ್ಕೆ ಮೂರು ಬೈಟು. ಡೇಟಾಬೇಸ್ ಕನೆಕ್ಷನ್ನಿಗೆ ತಾನು ಯಾವ ಲಿಪಿ ಸಂಕೇತದಲ್ಲಿ ಮಾತಾಡುತ್ತಿದ್ದೇನೆ ಅನ್ನುವುದು ಗೊತ್ತಿರಬೇಕು, ಮತ್ತು ಅದು ಕನೆಕ್ಷನ್ ಬದುಕಿರುವ ತನಕ ನೆನಪಿರುತ್ತದೆ. ಅದೇ ಸರ್ವರಿನಲ್ಲಿ ಇಂಗ್ಲಿಷಿನ ಹಳೇ ಸ್ಕ್ರಿಪ್ಟೊಂದು ಲ್ಯಾಟಿನ್-1 ಅಂತ ಹೇಳಿ ಹೋಗಿರುತ್ತದೆ, ಅದರ ಹಿಂದೆಯೇ ಅದೇ ಕನೆಕ್ಷನ್ ಹಿಡಿದ ನಿನ್ನ ಕನ್ನಡ ಪುಟ ಪ್ರಶ್ನೆ ಗುರುತಾಗುತ್ತದೆ. ಅದು ಬರೀ ಓದುವ ಪುಟವಾದರೆ ಬಚಾವು. ಅರ್ಜಿ ಬರೆದು ಉಳಿಸುವ ಪುಟವಾದರೆ ಪ್ರಶ್ನೆ ಗುರುತುಗಳೇ ಟೇಬಲ್ಲಿನಲ್ಲಿ ಕೂತವು, ಮೂಲ ಹೆಸರು ಎಂದಿಗೂ ಬರುವುದಿಲ್ಲ. ಹೀಗಾಗಿ ಇಂಥ ದೂರು ಬಂದ ದಿನ ಪುಟ ರಿಫ್ರೆಶ್ ಮಾಡಿ ಸಮಾಧಾನಪಡಬೇಡ, ಮೊದಲು ಬರೆಯುವ ಪುಟಗಳನ್ನು ಬಂದ್ ಮಾಡು.

ಪಿಎಚ್‌ಪಿಯವರು ಇಷ್ಟೆಲ್ಲ ಕೇಳಿ ನಗುತ್ತಾರೆ. ಅವರ ಮಾಡ್ಯೂಲ್ ಅಪಾಚೆಯೊಳಗೆ ಕೂತಿದ್ದರೂ ಒಂದೊಂದು ರಿಕ್ವೆಸ್ಟ್ ಮುಗಿದಾಗ ಸ್ಕ್ರಿಪ್ಟಿನ ವೇರಿಯಬಲ್ಲುಗಳನ್ನೆಲ್ಲ ಒರೆಸಿಹಾಕುತ್ತದೆ, ಖರೇ. ಆದರೆ ಅವರಿಗೂ ಪರ್ಸಿಸ್ಟೆಂಟ್ ಕನೆಕ್ಷನ್ ಇದೆ, ಕಂಪೈಲ್ ಆದ ಸ್ಕ್ರಿಪ್ಟನ್ನು ನೆನಪಿಡುವ ಆಪ್‌ಕ್ಯಾಶ್ ಇದೆ. ಫೈಲು ಬದಲಿಸಿದರೂ ಹಳೇ ಪುಟವೇ ಬರುತ್ತಿದ್ದರೆ ಆಪ್‌ಕ್ಯಾಶ್ ಫೈಲಿನ ಸಮಯ ನೋಡುತ್ತಿದೆಯೇ ಅಂತ ವಿಚಾರಿಸಬೇಕು. ಅವರು ಹೆಚ್ಚು ಎಡವುವುದು ಇನ್ನೊಂದು ಕಡೆ: ಡೆಬಿಯನ್, ಉಬುಂಟುಗಳಲ್ಲಿ ಟರ್ಮಿನಲ್ಲಿನ ಪಿಎಚ್‌ಪಿಗೆ ಒಂದು ಐಎನ್ಐ ಫೈಲು, ಅಪಾಚೆಯೊಳಗಿನದಕ್ಕೆ ಇನ್ನೊಂದು. ಟರ್ಮಿನಲ್ಲಿನಲ್ಲಿ ಆವೃತ್ತಿ ನೋಡಿ, ಅಲ್ಲಿಯದನ್ನೇ ತಿದ್ದಿ, "ತಿದ್ದಿದ್ರೂ ಬದಲಾಗವಲ್ದು" ಅಂತ ಮೂರು ತಾಸು ಕಳೆದವರುಂಟು. ಪಿಎಚ್‌ಪಿಇನ್ಫೊ ಪುಟವನ್ನು ಬ್ರೌಸರಿನಲ್ಲೇ ತೆರೆದು, ಯಾವ ಫೈಲು ಓದಿದೆ ಅನ್ನುವ ಸಾಲು ನೋಡು. ನೋಡಿದ ಮೇಲೆ ಆ ಪುಟ ಅಳಿಸು, ಅದರಲ್ಲಿ ನಿನ್ನ ಮನೆಯ ಗುಟ್ಟೆಲ್ಲ ಇರುತ್ತದೆ.

ನೆನಪು ಉಳಿಯದ ಹಾಗೆ ಬೇಕೆಂದೇ ಕಟ್ಟಿದ ವ್ಯವಸ್ಥೆಗಳೂ ಇವೆ. 2003ರಲ್ಲಿ ಸುರುವಾದ ಕನ್ನಡ ವಿಕಿಪೀಡಿಯ ಓಡುವುದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯ ಮೇಲೆ. ಅದರ ಟೆಂಪ್ಲೇಟುಗಳೊಳಗೆ 2013ರಿಂದ ಬ್ರೆಜಿಲ್ ಮೂಲದ ಲೂವಾ ಭಾಷೆಯನ್ನು ಕೂಡಿಸಿದ್ದಾರೆ. ಯಾರು ಬೇಕಾದರೂ ಬಂದು ತಿದ್ದುವ ಜಾಗದಲ್ಲಿ ಒಬ್ಬರು ಬರೆದ ಮಾಡ್ಯೂಲ್ ಇನ್ನೊಬ್ಬರದನ್ನು ಕೆಡಿಸಬಾರದಲ್ಲ. ಹೀಗಾಗಿ ಲೂವಾವನ್ನು ಕರೆದಾಗಲೆಲ್ಲ ಹೊಸ ಪರಿಸರ. ಒಂದು ಕರೆಯಲ್ಲಿ ಇಟ್ಟ ಬೆಲೆ ಮುಂದಿನ ಕರೆಗೆ ಸಿಗದು. ಒಂದು ಪುಟದ ಲೂವಾ ಕೆಲಸಕ್ಕೆ ಸಮಯದ ಮಿತಿಯೂ ಇದೆ, ಮೀರಿದರೆ ಕೆಂಪಕ್ಷರದಲ್ಲಿ ಸ್ಕ್ರಿಪ್ಟ್ ದೋಷ. ನೀನು ಬಿಡುವಾದಾಗ ಅಲ್ಲಿಯ ಮುರಿದ ಟೆಂಪ್ಲೇಟೊಂದನ್ನು ಸರಿಪಡಿಸಿ ನೋಡು. ಕೆಂಪು ಸಾಲಿನ ಮೇಲೆ ಒತ್ತಿದರೆ ಯಾವ ಮಾಡ್ಯೂಲಿನ ಯಾವ ಸಾಲು ಎಂದು ತೋರಿಸುತ್ತದೆ. ಕೈ ಪಳಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಕನ್ನಡಕ್ಕೂ ಉಪಕಾರ.

ಮೆಮೊರಿ ಸೋರಿಕೆಯ ವಿಷಯಕ್ಕೆ ನಮ್ಮೂರಿನ ಬೇಸಿಗೆಯ ಕಥೆಯೊಂದಿದೆ. ಒಂದು ಕಚೇರಿಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸರ್ವರ್ ಇಟ್ಟಿದ್ದರು. ಬ್ಯಾಟರಿ ದಣಿದ ಯುಪಿಎಸ್. ದಿನಕ್ಕೊಮ್ಮೆಯಾದರೂ ಕರೆಂಟ್ ಹೋಗಿ, ಸರ್ವರ್ ಆರಿ, ಮತ್ತೆ ಹತ್ತುತ್ತಿತ್ತು. ಸೈಟಿನ ಬಗ್ಗೆ ಮಾತ್ರ ಒಂದು ದೂರೂ ಇರಲಿಲ್ಲ. ಕೊನೆಗೆ ರೊಕ್ಕ ಮಂಜೂರಾಗಿ ದೊಡ್ಡ ಇನ್ವರ್ಟರ್ ಬಂತು. ಅದರ ಮುಂದಿನ ವಾರದಿಂದ ಸೈಟ್ ನಿಧಾನ, ಆಮೇಲೆ ಬಂದ್. ಇಡೀ ಕಚೇರಿ ಇನ್ವರ್ಟರಿನ ಮೇಲೆ ಸಂಶಯಪಟ್ಟಿತು, ಮಾರಿದ ಅಂಗಡಿಯವನನ್ನು ಕರೆಸಿ ವಾದ ಹೂಡಿತು. ಒಂದು ಗ್ಲೋಬಲ್ ಅರೇಗೆ ಪ್ರತಿ ರಿಕ್ವೆಸ್ಟಿನಲ್ಲೂ ಒಂದಷ್ಟು ಸೇರಿಸುತ್ತಾ, ಎಂದೂ ಖಾಲಿ ಮಾಡದ ಸ್ಕ್ರಿಪ್ಟ್ ಅಲ್ಲಿತ್ತು. ಅದನ್ನು ದಿನಾಲೂ ತೊಳೆಯುತ್ತಿದ್ದದ್ದು ವಿದ್ಯುತ್ ಕಡಿತ!

ಇಂಥದಕ್ಕೆ ಒಂದು ಚೈಲ್ಡ್ ಇಷ್ಟು ಕನೆಕ್ಷನ್ ಆದ ಮೇಲೆ ಸಾಯಲಿ ಅನ್ನುವ ಸೆಟ್ಟಿಂಗು ಅಪಾಚೆಯಲ್ಲಿದೆ. ಮೊದಲಿಂದ ಅದರ ಬೆಲೆ ಸೊನ್ನೆ, ಅಂದರೆ ಎಂದೂ ಸಾಯಬೇಡ. ಅದನ್ನು ಸಾವಿರಕ್ಕಿಟ್ಟು ಕೈ ತೊಳೆದುಕೊಳ್ಳುವವರು ಬಹಳ. ಜನ ಕಾಯುತ್ತಿರುವಾಗ ಇಡು, ಬೇಡ ಅನ್ನುವುದಿಲ್ಲ. ಆದರೆ ಅದೂ ಒಂದು ನಿಧಾನದ ರೀಸ್ಟಾರ್ಟೇ. ಹತ್ತು ನಿಮಿಷಕ್ಕೊಮ್ಮೆ ಪ್ರತಿ ಚೈಲ್ಡಿನ ಮೆಮೊರಿ ಬರೆದಿಡು. ಏರುತ್ತಲೇ ಇರುವ ಪ್ರೊಸೆಸ್ ನಂಬರು ಹಿಡಿದು ಆಕ್ಸೆಸ್ ಲಾಗಿಗೆ ಹೋದರೆ ಅದು ಯಾವ ಸ್ಕ್ರಿಪ್ಟ್ ಓಡಿಸಿದಾಗ ಹಿಗ್ಗಿತು ಅನ್ನುವುದು ಸಿಗುತ್ತದೆ. ಪ್ರೊಸೆಸ್ ನಂಬರ್ ಬೇಕು ಅಂದದ್ದು ಅದಕ್ಕೇ.

ಚೈಲ್ಡ್‌ಗಳ ಸಂಖ್ಯೆಯ ಗಣಿತವನ್ನೂ ಒಮ್ಮೆ ಮಾಡು. ಪ್ರಿಫೋರ್ಕಿನಲ್ಲಿ ಒಟ್ಟಿಗೆ 256 ರಿಕ್ವೆಸ್ಟ್ ತನಕ ಬಿಡುವುದು ಮೊದಲಿಂದ ಇರುವ ಮಿತಿ. ಪರ್ಲ್ ತುಂಬಿಕೊಂಡ ಚೈಲ್ಡ್ ಒಂದೊಂದು 60 ಎಂಬಿ ತಿಂದರೆ 256ಕ್ಕೆ 15,360 ಎಂಬಿ. ಯಂತ್ರದಲ್ಲಿ ಇರುವುದು 4 ಜಿಬಿ. ಫಲಿತಾಂಶದ ದಿನ ಎಲ್ಲರೂ ಒಮ್ಮೆಲೇ ಬಂದಾಗ ಯಂತ್ರ ಡಿಸ್ಕಿನ ಮೇಲೆ ಉಸಿರಾಡಲು ಹೋಗಿ ಉಸಿರುಗಟ್ಟುತ್ತದೆ. ಐವತ್ತಕ್ಕೆ ಇಳಿಸು. ಹೆಚ್ಚಿಗೆ ಬಂದವರು ಸ್ವಲ್ಪ ಕಾಯುತ್ತಾರೆ, ಎಲ್ಲರೂ ಬೀಳುವುದಿಲ್ಲ. ಮಾಡ್ಯೂಲುಗಳನ್ನು ಪೇರೆಂಟಿನಲ್ಲೇ ಲೋಡ್ ಮಾಡಿಟ್ಟರೆ ಮಕ್ಕಳು ಆ ಮೆಮೊರಿಯನ್ನು ಹಂಚಿಕೊಳ್ಳುತ್ತಾರೆ, ಅದೂ ಉಳಿತಾಯವೇ.

ಎರರ್ ಲಾಗಿನಲ್ಲಿ ಸೆಗ್ಮೆಂಟೇಶನ್ ಫಾಲ್ಟ್, ಸಿಗ್ನಲ್ 11 ಅಂತ ಬಂದರೆ ಅದು ನಿನ್ನ ಪರ್ಲಿನ ತಪ್ಪಲ್ಲ ಅನ್ನಬಹುದು, ಅದರ ಕೆಳಗಿನ ಸಿ ಭಾಷೆಯ ಲೈಬ್ರರಿಯದು. ಅಪಾಚೆ 1.3ರ ಕಾಲದಲ್ಲಿ ಒಂದು ಪ್ರಸಿದ್ಧ ಜಗಳ ಇತ್ತು: ಅಪಾಚೆ ತನ್ನೊಳಗೆ ಎಕ್ಸ್‌ಪ್ಯಾಟ್ ಎಂಬ ಎಕ್ಸ್ಎಂಎಲ್ ಲೈಬ್ರರಿ ಇಟ್ಟುಕೊಂಡಿತ್ತು, ಪರ್ಲಿನ ಎಕ್ಸ್ಎಂಎಲ್ ಪಾರ್ಸರ್ ಅದೇ ಲೈಬ್ರರಿಯ ಬೇರೆ ಆವೃತ್ತಿ ತರುತ್ತಿತ್ತು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಸೇರಿ, ಒಬ್ಬನನ್ನು ಕರೆದರೆ ಇನ್ನೊಬ್ಬ ಓಗೊಟ್ಟು ಪ್ರೊಸೆಸ್ಸೇ ಸಾಯುತ್ತಿತ್ತು. ಟರ್ಮಿನಲ್ಲಿನಲ್ಲಿ ಅಪಾಚೆ ಇಲ್ಲ, ಜಗಳವೂ ಇಲ್ಲ. ಕೋರ್ ಡಂಪ್ ಬೀಳಲು ಡೈರೆಕ್ಟರಿ ತೋರಿಸಿ, ಬಿದ್ದದ್ದನ್ನು ಜಿಡಿಬಿಯಲ್ಲಿ ತೆರೆದು, ಕೊನೆಗೆ ಕರೆದ ಫಂಕ್ಷನ್ ಯಾವ ಲೈಬ್ರರಿಯದು ಎಂದು ನೋಡಿದರೆ ದಿಕ್ಕು ಸಿಗುತ್ತದೆ. ಪರ್ಲ್ ಅನ್ನು ಅಪ್‌ಗ್ರೇಡ್ ಮಾಡಿ ಮಾಡ್-ಪರ್ಲ್ ಅನ್ನು ಮತ್ತೆ ಕಂಪೈಲ್ ಮಾಡದೆ ಬಿಟ್ಟರೂ ಹೀಗಾಗುತ್ತದೆ.

ಇನ್ನು ರೀಸ್ಟಾರ್ಟ್‌ಗೆ ಮುಂಚಿನ ಆ ಎರಡು ನಿಮಿಷ. ಮ್ಯಾನೇಜರ್ ಬೆನ್ನ ಹಿಂದೆ ನಿಂತಿರುತ್ತಾರೆ, "ಮೊದ್ಲು ಚಾಲೂ ಮಾಡಮ್ಮಾ" ಅನ್ನುತ್ತಾರೆ. ಅವರದೂ ತಪ್ಪಲ್ಲ, ಅವರ ಫೋನು ಬಡಿದುಕೊಳ್ಳುತ್ತಿದೆ. ವಾದಕ್ಕೆ ಇಳಿಯದೆ "ಎರಡು ನಿಮಿಷ ಕೊಡಿ ಸರ್" ಅನ್ನು. ಅಷ್ಟರಲ್ಲಿ ಏನು ಮಾಡಬೇಕೋ ಅದನ್ನು ಮೊದಲೇ ಒಂದು ಸಣ್ಣ ಶೆಲ್ ಸ್ಕ್ರಿಪ್ಟಾಗಿ ಬರೆದಿಟ್ಟುಕೊಂಡಿರು, ಗಾಬರಿಯಲ್ಲಿ ಕಮಾಂಡು ನೆನಪಾಗುವುದಿಲ್ಲ. ದಿನಾಂಕ, ಸಮಯ, ಎಲ್ಲ ಪ್ರೊಸೆಸ್ಸುಗಳ ಪಟ್ಟಿ ಮೆಮೊರಿ ಸಮೇತ, ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಡೇಟಾಬೇಸಿನಲ್ಲಿ ಯಾರು ಯಾವ ಪ್ರಶ್ನೆ ಹಿಡಿದು ಕೂತಿದ್ದಾರೆ, ಅಪಾಚೆಯ ಸರ್ವರ್ ಸ್ಟೇಟಸ್ ಪುಟ, ಎರರ್ ಲಾಗಿನ ಒಂದು ಪ್ರತಿ. ಸಿಕ್ಕಿಹಾಕಿಕೊಂಡ ಒಂದು ಪ್ರೊಸೆಸ್ಸಿಗೆ ಸ್ಟ್ರೇಸ್ ಹಚ್ಚಿ ಹತ್ತು ಸೆಕೆಂಡು ನೋಡಿದರೆ ಅದು ಯಾರ ದಾರಿ ಕಾಯುತ್ತಿದೆ ಎಂದು ಕಾಣುತ್ತದೆ: ಫೈಲಿನ ಬೀಗವೋ, ಡೇಟಾಬೇಸೋ, ಎಸ್ಎಂಎಸ್ ಕಳಿಸುವ ಹೊರಗಿನ ಸರ್ವರೋ. ನನ್ನ ಅನುಭವದಲ್ಲಿ ಈ ಮೂರನೆಯದು ಎಲ್ಲರ ಊಹೆಗಿಂತ ಹೆಚ್ಚು. ಹೊರಗಿನವರು ಉತ್ತರ ಕೊಡದಿದ್ದರೆ ನಿನ್ನ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಹೋಗಿ ಅಲ್ಲೇ ಕೂಡುತ್ತಾರೆ, ಟೈಮ್‌ಔಟ್ ಇಡದೆ ಬರೆದವನನ್ನು ಯಾರೂ ಕೇಳುವುದಿಲ್ಲ. ಇಷ್ಟಾದ ಮೇಲೆ ಧಾರಾಳವಾಗಿ ರೀಸ್ಟಾರ್ಟ್ ಮಾಡು, ಜನ ತಮ್ಮ ಕೆಲಸ ಮುಗಿಸಿಕೊಳ್ಳಲಿ. ನಿನ್ನ ಕೆಲಸ ಆಮೇಲೆ ಸುರು.

ಡಿಸ್ಕ್ ತುಂಬಿರುವ ಸಾಧ್ಯತೆಯನ್ನು ಮಾತ್ರ ಯಾವಾಗಲೂ ಮೊದಲು ನೋಡು. ಘನವಾದ ಕಾರಣ ಹುಡುಕುತ್ತ ಕೂತು ಕೊನೆಗೆ ಸಿಕ್ಕದ್ದು ಅದಾದರೆ ಬಹಳ ಸಿಟ್ಟು ಬರುತ್ತದೆ.

ಹೋದ ವಾರ ನೀನು ಕೇಳಿದಿ, ಇದನ್ನೆಲ್ಲ ಬಿಟ್ಟು ಪಿಎಸ್‌ಜಿಐ ಎಂಬ ಹೊಸ ಏರ್ಪಾಡಿಗೆ ಸಾಗಿಸಿದರೆ ಹೇಗೆ ಅಂತ. ಸಾಗಿಸು. 2009ರಿಂದ ಪರ್ಲಿನವರು ಆ ದಾರಿ ಹಿಡಿದಿದ್ದಾರೆ, ಅಪಾಚೆಯಿಂದ ಪರ್ಲ್ ಬೇರೆಯಾದರೆ ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ. ಪಿಎಚ್‌ಪಿಯವರೂ ಎಫ್‌ಪಿಎಂ ಅಂತ ಹೊರಗೆ ಬಂದರು, ಪೈಥಾನಿನ ಮಾಡ್-ಪೈಥಾನ್ 2010ರಲ್ಲಿ ಅಟ್ಟ ಸೇರಿತು. ಆದರೆ ಪಿಎಸ್‌ಜಿಐಯಲ್ಲಿಯೂ ಪ್ರೊಸೆಸ್ ಸಾಯದೆ ಬದುಕಿರುತ್ತದೆ, ಅಂಟಿದ ಹಳೇ ನೆನಪು ಅಲ್ಲಿಗೂ ಬರುತ್ತದೆ. ಗ್ಲೋಬಲ್‌ಗಳನ್ನು ಇಲ್ಲೇ ತೆಗೆ, ಕನೆಕ್ಷನ್‌ಗಳನ್ನು ಇಲ್ಲೇ ಸರಿಮಾಡು, ಆಮೇಲೆ ಒಂದೊಂದೇ ಸ್ಕ್ರಿಪ್ಟ್ ಸಾಗಿಸು. ಕಡಿಮೆ ಜನ ಬರುವ ಪುಟದಿಂದ ಸುರು ಮಾಡು. ಫೀಸ್ ಕಟ್ಟುವ ಪುಟ ಕೊನೆಗೆ, ಅದೂ ಪರೀಕ್ಷೆ ಫೀಸಿನ ಕೊನೇ ದಿನಾಂಕ ದಾಟಿದ ಮೇಲೆ.